ಇನ್ನೊಬ್ಬರು ಬರೆದದ್ದನ್ನು ಓದುವ ಕೆಲಸ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಸಾಫ್ಟ್‌ವೇರ್ ಎಂಜಿನಿಯರ್ ಎಂದರೆ ದಿನವಿಡೀ ಹೊಸದೇನನ್ನೋ ಬರೆಯುವವನು ಎಂಬ ನಂಬಿಕೆ ನಮ್ಮ ಕಡೆ ಇದೆ. ನಿಜ ಹೇಳಬೇಕೆಂದರೆ, ನನ್ನ ಕೆಲಸದಲ್ಲಿ ದೊಡ್ಡ ಪಾಲು ಬೇರೆಯವರು ಬರೆದದ್ದನ್ನು ಓದುವುದು. ಅದಕ್ಕೆ ರಿವ್ಯೂ ಎನ್ನುತ್ತಾರೆ. ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಸಾಲು ಸಾಲಾಗಿ ಓದಿ, ಪ್ರಶ್ನೆ ಕೇಳಿ, ತಿದ್ದಿಸಿ, ಕೊನೆಗೆ ತಮ್ಮ ಹೆಸರು ಹಾಕಿ ಒಪ್ಪುವುದು. ಈ ಕೆಲಸದ ವಿಷಯವನ್ನೇ ಇವತ್ತು ಹೇಳೋಣ ಎಂದುಕೊಂಡಿದ್ದೇನೆ. ಮಕ್ಕಳಿಗೂ ಅರ್ಥವಾಗುವ ಹಾಗೆ ಹೇಳಲು ಪ್ರಯತ್ನಿಸುತ್ತೇನೆ.

ನಾನು ಓದುವುದು ಹೈಪರ್‌ವೈಸರ್ ಎಂಬ ತಂತ್ರಾಂಶಕ್ಕೆ ಸಂಬಂಧಿಸಿದ ಕೋಡನ್ನು. ಒಂದು ದೊಡ್ಡ ಕಂಪ್ಯೂಟರಿನೊಳಗೆ ಹತ್ತಾರು ಕಂಪ್ಯೂಟರುಗಳಿವೆ ಎಂಬಂತೆ ನಡೆಸುವುದು ಅದರ ಕೆಲಸ. ಐಬಿಎಂನವರು 1960ರ ದಶಕದಲ್ಲೇ ಇದನ್ನು ಮಾಡಿದ್ದರು. ಇವತ್ತು ಡೇಟಾ ಸೆಂಟರುಗಳಲ್ಲಿ ಒಂದೇ ಯಂತ್ರದ ಮೇಲೆ ಬೇರೆ ಬೇರೆ ಸಂಸ್ಥೆಗಳ ಕೆಲಸ ಅಕ್ಕಪಕ್ಕದಲ್ಲೇ ನಡೆಯುತ್ತದೆ. ಒಬ್ಬರದ್ದು ಇನ್ನೊಬ್ಬರಿಗೆ ಕಾಣಬಾರದು. ಪ್ರತಿಯೊಬ್ಬರಿಗೂ 'ಇಡೀ ಯಂತ್ರ ನನ್ನದೇ' ಎನ್ನಿಸಬೇಕು.

ಇದು ಹೇಗೆ ಸಾಧ್ಯ ಎಂಬುದಕ್ಕೆ ನಮ್ಮ ಶಾಲೆಯ ರಿಜಿಸ್ಟರುಗಳನ್ನೇ ನೋಡಿ. ಎಂಟನೇ ಕ್ಲಾಸ್ 'ಎ' ವಿಭಾಗದಲ್ಲಿ ಏಳನೇ ನಂಬರಿನ ಹುಡುಗನೊಬ್ಬ ಇರುತ್ತಾನೆ. 'ಬಿ' ವಿಭಾಗದಲ್ಲೂ ಏಳನೇ ನಂಬರಿನ ಹುಡುಗಿ ಇರುತ್ತಾಳೆ. ಕ್ಲಾಸ್ ಟೀಚರಿಗೆ ತಮ್ಮ ಹಾಜರಿ ಪುಸ್ತಕದ ನಂಬರು ಸಾಕು. ಆದರೆ ಹೆಡ್‌ಮಾಸ್ಟರ ಕೋಣೆಯ ದಾಖಲಾತಿ ಪುಸ್ತಕದಲ್ಲಿ ಪ್ರತಿ ಮಗುವಿಗೂ ಬೇರೆಯದೇ ಸಂಖ್ಯೆ; ಅದು ಇನ್ನೊಬ್ಬರಿಗೆ ಬರುವುದಿಲ್ಲ. ಹೈಪರ್‌ವೈಸರ್ ಎಂದರೆ ಆ ದಾಖಲಾತಿ ಪುಸ್ತಕ ಇಟ್ಟುಕೊಂಡ ಹೆಡ್‌ಮಾಸ್ಟರು. ಒಳಗಿನ ಕಂಪ್ಯೂಟರುಗಳು ಒಂದೊಂದು ವಿಭಾಗ. ಮೆಮೊರಿಯಲ್ಲಿ 'ನನ್ನ ಏಳನೇ ಪುಟ ಕೊಡು' ಎಂದು ಯಾರೇ ಕೇಳಲಿ, ಯಾವ ವಿಭಾಗದ ಏಳು ಎಂದು ನೋಡಿ ನಿಜವಾದ ಜಾಗಕ್ಕೆ ಕಳಿಸಬೇಕು.

ಪ್ರತಿ ಸಲ ಪುಸ್ತಕ ತೆಗೆದು ನೋಡುತ್ತಾ ಕೂತರೆ ತಡವಾಗುತ್ತದೆ. ಹಾಗಾಗಿ ಪ್ರೊಸೆಸರ್ ಇತ್ತೀಚೆಗೆ ನೋಡಿದ್ದನ್ನು ನೆನಪಿಟ್ಟುಕೊಳ್ಳುತ್ತದೆ. ಅನುಭವಸ್ಥ ಅಟೆಂಡರೊಬ್ಬರಿಗೆ 'ಎಂಟು ಎ, ಏಳನೇ ನಂಬರು' ಎಂದ ಕೂಡಲೇ ಮಗುವಿನ ಮುಖ ನೆನಪಾಗುವ ಹಾಗೆ. ಆದರೆ ಜೂನ್ ತಿಂಗಳಲ್ಲಿ ಹೊಸ ಮಕ್ಕಳು ಬಂದಾಗ ಹಳೆಯ ನೆನಪಿನ ಮೇಲೆ ಹೋದರೆ ಅಂಕಪಟ್ಟಿ ಬೇರೆಯವರ ಮನೆ ಸೇರುತ್ತದೆ. ನೆನಪನ್ನು ಅಳಿಸಿ ಪುಸ್ತಕ ನೋಡಲೇಬೇಕಾದ ದಿನ ಅದು.

ಈಗ ಹೊಸ ಪ್ರೊಸೆಸರಿನ ವಿಷಯಕ್ಕೆ ಬರುತ್ತೇನೆ. ಇಂಟೆಲ್, ಎಎಂಡಿ, ಆರ್ಮ್ ಹೆಸರುಗಳನ್ನು ಕೇಳಿದ್ದೀರಿ. 2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ರಿಸ್ಕ್-ಫೈವ್ ಎಂಬ ಹೊಸ ಬಗೆ ಹುಟ್ಟಿತು. ಪ್ರೊಸೆಸರಿನ ಭಾಷೆಯ ನಿಯಮಗಳನ್ನು ಬರೆದಿಟ್ಟ ಅದರ ಪುಸ್ತಕವನ್ನು ಯಾರು ಬೇಕಾದರೂ ಹಣ ಕೊಡದೆ ಓದಬಹುದು, ಅದನ್ನು ಅನುಸರಿಸಿ ಚಿಪ್ ಮಾಡಬಹುದು. ಮದರಾಸಿನ ಐಐಟಿಯ 'ಶಕ್ತಿ', ಸಿ-ಡ್ಯಾಕ್ ಸಂಸ್ಥೆಯ 'ವೇಗ' ಪ್ರೊಸೆಸರುಗಳು ಇದೇ ಭಾಷೆಯವು. ನಮ್ಮ ದೇಶಕ್ಕೆ ಇದು ಮುಖ್ಯ ಎನ್ನುವುದು ಅದಕ್ಕೇ.

ಲಿನಕ್ಸ್‌ನಲ್ಲಿ ಕೆವಿಎಂ ಎಂಬ ಹೈಪರ್‌ವೈಸರ್ 2007ರಿಂದ ಇದೆ. ಅದಕ್ಕೆ ರಿಸ್ಕ್-ಫೈವ್ ಭಾಷೆ ಕಲಿಸುವ ಕೋಡನ್ನು ಅನೂಪ್ ಪಟೇಲ್ ಎಂಬ ಎಂಜಿನಿಯರ್ ಮತ್ತು ಅವರ ಸಂಗಡಿಗರು 2019ರ ಜುಲೈನಲ್ಲಿ ಎಲ್ಲರ ಪರಿಶೀಲನೆಗೆ ಮುಂದಿಟ್ಟರು. ಅದು ಲಿನಕ್ಸ್ ಸೇರಿದ್ದು 5.16ನೇ ಆವೃತ್ತಿಯಲ್ಲಿ, ಆ ಆವೃತ್ತಿ ಹೊರಬಂದದ್ದು 2022ರ ಜನವರಿಯಲ್ಲಿ. ನಡುವೆ ಅದೇ ಕೋಡನ್ನು ಇಪ್ಪತ್ತು ಸಲ ತಿದ್ದಿ ತಿದ್ದಿ ಕಳಿಸಿದರು. ಆ ಕೆಲಸದಲ್ಲಿ ನನ್ನ ಪಾಲೇನೂ ಇಲ್ಲ. ಎಲ್ಲ ಪ್ರಶ್ನೋತ್ತರಗಳೂ ಬಹಿರಂಗವಾಗಿರುವುದರಿಂದ ಓದಿ ಕಲಿತವರಲ್ಲಿ ನಾನೂ ಒಬ್ಬ.

ಇಂಥ ಕೋಡ್ ಕೈಗೆ ಬಂದಾಗ ಓದುವವನು ಏನು ನೋಡಬೇಕು?

ಮೊದಲನೆಯದು, ಹೊಸಬರಿಗೆ ಜಾಗ ಮಾಡುವಾಗ ಹಳಬರಿಗೆ ತೊಂದರೆಯಾಗಬಾರದು. ಇಂಟೆಲ್, ಆರ್ಮ್ ಯಂತ್ರಗಳ ಮೇಲೆ ನಡೆಯುತ್ತಿರುವ ಕೆಲಸ ಎಂದಿನಂತೆ ನಡೆಯಬೇಕು.

ಎರಡನೆಯದು, ಪ್ರೊಸೆಸರಿನ ಪುಸ್ತಕವನ್ನು ಒಂದು ಪಕ್ಕ, ಕೋಡನ್ನು ಇನ್ನೊಂದು ಪಕ್ಕ ಇಟ್ಟುಕೊಂಡು ತಾಳೆ ನೋಡಬೇಕು. ಆಗಲೇ ಹೇಳಿದ ಅಟೆಂಡರ ನೆನಪಿನ ಸಂಗತಿ ಇಲ್ಲಿ ಬರುತ್ತದೆ. 64 ಬಿಟ್ ರಿಸ್ಕ್-ಫೈವ್‌ನಲ್ಲಿ ಒಳಗಿನ ಕಂಪ್ಯೂಟರಿಗೆ ಕೊಡುವ ಗುರುತು ಸಂಖ್ಯೆ ಹೆಚ್ಚೆಂದರೆ 14 ಬಿಟ್, ಅಂದರೆ 16,384 ಗುರುತುಗಳು. ಅವು ಮುಗಿದ ಮೇಲೆ ಹಳೆಯ ಗುರುತನ್ನೇ ಹೊಸಬರಿಗೆ ಕೊಡಬೇಕಾಗುತ್ತದೆ. ಕೊಡುವ ಮೊದಲು ಎಲ್ಲ ಪ್ರೊಸೆಸರುಗಳ ಹಳೆಯ ನೆನಪನ್ನೂ ಅಳಿಸಬೇಕು. ಅಳಿಸುವ ಆ ಸಾಲು ಬಿಟ್ಟುಹೋಗಿದ್ದರೆ? ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ, ತಿಂಗಳುಗಟ್ಟಲೆ ನಡೆಯುತ್ತದೆ. ಗುರುತುಗಳು ಮುಗಿದು ಮೊದಲಿನಿಂದ ಹಂಚುವ ದಿನ ಒಬ್ಬರ ಗುಟ್ಟು ಇನ್ನೊಬ್ಬರಿಗೆ ಕಂಡುಬಿಡಬಹುದು. ಇಂಥ ತಪ್ಪನ್ನು ಯಂತ್ರ ಓಡಿಸಿ ಹಿಡಿಯುವುದು ಕಷ್ಟ. ಯಾರಾದರೊಬ್ಬರು ಕೂತು ಓದಿ, 'ಗುರುತು ಮುಗಿದರೆ ಏನು ಮಾಡುತ್ತೀರಿ?' ಎಂದು ಕೇಳಲೇಬೇಕು.

ಮೂರನೆಯದು, ಹೊರಗಿನವರಿಗೆ ಕೊಡುವ ಮಾತು. ಈ ಸಂಖ್ಯೆ ಕಳಿಸಿದರೆ ಈ ಕೆಲಸ ಮಾಡುತ್ತೇನೆ ಎಂದು ಲಿನಕ್ಸ್ ಒಮ್ಮೆ ಹೇಳಿದರೆ, ಅದನ್ನು ನಂಬಿ ಬರೆದ ತಂತ್ರಾಂಶಗಳು ಮುಂದೆಯೂ ನಡೆಯಬೇಕು. ಒಳಗಿನ ಕೋಡನ್ನು ಯಾವಾಗ ಬೇಕಾದರೂ ಬದಲಿಸಬಹುದು. ಕೊಟ್ಟ ಮಾತನ್ನು ಬದಲಿಸುವ ಹಾಗಿಲ್ಲ.

ನಾಲ್ಕನೆಯದು, ನಾಳೆ ಇದನ್ನು ನೋಡಿಕೊಳ್ಳುವವರು ಯಾರು? ಅಡಿಕೆ ಸಸಿ ನೆಡುವುದು ಒಂದು ವಾರದ ಕೆಲಸ. ಪ್ರತಿ ಮಳೆಗಾಲ ಕೊಳೆರೋಗಕ್ಕೆ ಔಷಧಿ ಹೊಡೆಯುವುದು ಜೀವನಪೂರ್ತಿಯ ಕೆಲಸ ಎಂದು ನಿಮಗೆ ಹೇಳಬೇಕಿಲ್ಲ. 32 ಬಿಟ್ ಆರ್ಮ್ ಯಂತ್ರಗಳ ಮೇಲೆ ಕೆವಿಎಂ ನಡೆಸುವ ಕೋಡ್ 2013ರಲ್ಲಿ ಲಿನಕ್ಸ್ ಸೇರಿತ್ತು. ಬಳಸುವವರು ಇಲ್ಲವಾಗುತ್ತಾ ಬಂದರು. 2020ರಲ್ಲಿ ಅದನ್ನು ತೆಗೆದುಹಾಕಿದರು. ಒಳಗೆ ಬಿಟ್ಟುಕೊಂಡದ್ದಕ್ಕೆಲ್ಲ ಆರೈಕೆಯ ಖರ್ಚಿದೆ.

ರಿಸ್ಕ್-ಫೈವ್ ಕೋಡ್ ತಡವಾದದ್ದಕ್ಕೆ ಕಾರಣ ಬೇರೆ. ಪ್ರೊಸೆಸರಿನ ಪುಸ್ತಕದಲ್ಲಿ ಹೈಪರ್‌ವೈಸರಿಗೆ ಸಂಬಂಧಿಸಿದ ಅಧ್ಯಾಯವೇ ಆಗ ಅಂತಿಮವಾಗಿರಲಿಲ್ಲ. ಪುಸ್ತಕ ಸ್ಥಿರವಾಗದೆ ಕೋಡ್ ತೆಗೆದುಕೊಳ್ಳುವುದಿಲ್ಲ ಎಂಬುದು ಲಿನಕ್ಸ್‌ನ ರಿಸ್ಕ್-ಫೈವ್ ವಿಭಾಗದ ಲಿಖಿತ ನಿಯಮ. ನಾಳೆ ಪುಸ್ತಕ ಬದಲಾದರೆ ಹಳೆಯದನ್ನೂ ಹೊಸದನ್ನೂ ಎರಡನ್ನೂ ಹೊರಬೇಕಾದೀತು ಎಂಬ ಭಯ ಅದು. 2021ರಲ್ಲಿ, ಇನ್ನೂ ಪಕ್ವವಾಗದ ಕೋಡ್ ಇಡುವ 'ಸ್ಟೇಜಿಂಗ್' ಎಂಬ ಜಾಗದಲ್ಲಾದರೂ ಇಡೋಣ ಎಂಬ ಪ್ರಯತ್ನ ನಡೆಯಿತು. ಅದಕ್ಕೂ ಒಪ್ಪಿಗೆ ಸಿಗಲಿಲ್ಲ. ಕೊನೆಗೆ ಆ ವರ್ಷ ಮುಗಿಯುವ ಹೊತ್ತಿಗೆ ಅಧ್ಯಾಯ ಅಂತಿಮವಾಯಿತು, ಕೋಡೂ ಒಳಗೆ ಬಂತು.

ಹಾಗಾದರೆ ಎರಡು ವರ್ಷಕ್ಕೂ ಮೇಲ್ಪಟ್ಟು ಕಾಯಿಸಿದ್ದು ಸರಿಯೇ? ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಅದರ ಭಾರ ಯಾರ ಹೆಗಲ ಮೇಲೆ ಬಿತ್ತು ಎಂಬುದನ್ನೂ ನೋಡಬೇಕು. ಲಿನಕ್ಸ್ ಎರಡು ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ. ಹೊರಗೆ ಕಾಯುವ ಕೋಡನ್ನು ಪ್ರತಿ ಸಲವೂ ಹೊಸದಕ್ಕೆ ಹೊಂದಿಸುತ್ತಲೇ ಇರಬೇಕು. ಆ ದುಡಿಮೆಯನ್ನು ಬರೆದವರೇ ಹೊತ್ತರು. ಆದ್ದರಿಂದ 'ಈಗ ಬೇಡ' ಎನ್ನುವವನಿಗೂ ಒಂದು ಜವಾಬ್ದಾರಿ ಇದೆ. ಯಾಕೆ ಬೇಡ, ಏನಾದರೆ ಒಪ್ಪುತ್ತೇನೆ ಎಂದು ಬಿಡಿಸಿ ಹೇಳಬೇಕು. ಕಾರಣ ಹೇಳದೆ ಕಡತವನ್ನು ಬದಿಗಿಡುವುದಕ್ಕೆ ರಿವ್ಯೂ ಎನ್ನಲಾಗದು. ಇದು ಕಂಪ್ಯೂಟರಿಗೆ ಮಾತ್ರ ಅನ್ವಯಿಸುವ ಮಾತಲ್ಲ ಎಂದು ಕಚೇರಿಗಳಿಗೆ ಅಲೆದ ಹಿರಿಯರಿಗೆ ಗೊತ್ತು.

ಓದಿ ಒಪ್ಪಿದವರ ಹೆಸರು ಲಿನಕ್ಸ್‌ನ ಇತಿಹಾಸದಲ್ಲಿ ಬರೆದವರ ಹೆಸರಿನ ಕೆಳಗೆ ಶಾಶ್ವತವಾಗಿ ಉಳಿಯುತ್ತದೆ. 'ಇದರಲ್ಲಿ ತಪ್ಪೇ ಇಲ್ಲ' ಎಂಬ ಗ್ಯಾರಂಟಿಯನ್ನು ಆ ಸಹಿ ಕೊಡುವುದಿಲ್ಲ. 'ನಾನು ಓದಿದ್ದೇನೆ, ಕಂಡ ದೋಷಗಳನ್ನು ಹೇಳಿದ್ದೇನೆ, ಇದು ಸೇರಲು ಯೋಗ್ಯ' ಎಂಬಷ್ಟೇ ಅದರ ಅರ್ಥ. ಅಷ್ಟನ್ನು ಪ್ರಾಮಾಣಿಕವಾಗಿ ಹೇಳುವುದೇ ಸುಲಭವಲ್ಲ.

ಮಕ್ಕಳೇ, ನಿಮಗೆ ಎರಡು ಮಾತು. ಒಂದು, ರಿವ್ಯೂನಲ್ಲಿ ಬಹಳ ಬೆಲೆ ಬಾಳುವ ವಾಕ್ಯ 'ಈ ಸಾಲು ನನಗೆ ಅರ್ಥವಾಗಲಿಲ್ಲ' ಎಂಬುದು. ಕೆಲವೊಮ್ಮೆ ಓದುವವನಿಗೆ ತಿಳಿದಿರುವುದಿಲ್ಲ, ಅವನು ಕಲಿಯುತ್ತಾನೆ. ಇನ್ನು ಕೆಲವೊಮ್ಮೆ ಸಾಲೇ ತಪ್ಪಾಗಿರುತ್ತದೆ, ಕೋಡ್ ಉಳಿಯುತ್ತದೆ. ಎರಡರಲ್ಲೂ ಲಾಭವೇ. ಕನ್ನಡ ಮಾಧ್ಯಮದಲ್ಲಿ ಓದಿ ಹೋದ ನಮ್ಮಂಥವರು 'ಇಂಗ್ಲಿಷ್ ತಪ್ಪಾದೀತು' ಎಂದು ಬಾಯಿ ಮುಚ್ಚಿ ಕೂರುವುದುಂಟು. ಪ್ರಶ್ನೆ ಸರಿಯಿದ್ದರೆ ವ್ಯಾಕರಣವನ್ನು ಯಾರೂ ಎಣಿಸುವುದಿಲ್ಲ. ಕ್ಲಾಸಿನಲ್ಲಿ ಇವತ್ತೇ ಕೈ ಎತ್ತಿ ಅಭ್ಯಾಸ ಮಾಡಿಕೊಳ್ಳಿ.

ಎರಡು, ನಾನು ಹೇಳಿದ ಕೋಡ್, ಆ ಪ್ರೊಸೆಸರಿನ ಪುಸ್ತಕ, ಇಪ್ಪತ್ತು ಸಲದ ಪ್ರಶ್ನೋತ್ತರ ಎಲ್ಲವೂ ಉಚಿತವಾಗಿ ಸಿಗುತ್ತವೆ. ಬೆಂಗಳೂರಿನ ದೊಡ್ಡ ಕಾಲೇಜಿನ ಹುಡುಗನಿಗೆ ಸಿಗುವ ಪುಟವೇ ತುಂಗೆಯ ದಡದಲ್ಲಿ ಕೂತ ನಿಮಗೂ ಸಿಗುತ್ತದೆ, ಸಿಗ್ನಲ್ ಒಂದಿದ್ದರೆ. ಒಂದೇ ದಿನಕ್ಕೆ ಅರ್ಥವಾಗುವುದಿಲ್ಲ. ನಿಧಾನವಾಗಿ ಓದುವ ತಾಳ್ಮೆ ಬೇಕು. ಒಂದು ಪಾಠವನ್ನು ಮೂರು ಸಲ ಓದಿಸಿ, ನೋಟ್ಸಿನ ಪ್ರತಿ ಸಾಲಿಗೂ ಕೆಂಪು ಶಾಯಿ ಮುಟ್ಟಿಸುತ್ತಿದ್ದ ನಮ್ಮ ಗುರುಗಳು ಕಲಿಸಿದ್ದು ಆ ತಾಳ್ಮೆಯನ್ನೇ. ಇಂದು ನನಗೆ ಅನ್ನ ಕೊಡುತ್ತಿರುವ ವಿದ್ಯೆ ಅದು.