ತುರಿಕೆಯೋ, ಜೋಮೋ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ನಾನು ಕಲಿತ ಇಂಗ್ಲಿಷಿನಲ್ಲಿ ಸ್ಮಾರ್ಟ್ ಎಂದರೆ ಚುರುಕು. ತರಚಿದ ಮೊಣಕಾಲಿಗೆ ನೀರು ತಗಲಿದಾಗ ಆಗುವ ಚುರುಚುರು ಉರಿಗೂ ಅದೇ ಪದವೆಂದು ತಿಳಿದದ್ದು ನರ್ಸ್ ಆದಮೇಲೆ. ನಮ್ಮ ಚುರುಕಿಗೂ ಎರಡೂ ಅರ್ಥವಿದೆಯಲ್ಲ! ಹುಡುಗನೂ ಚುರುಕು, ಬಿಸಿಲೂ ಚುರುಕು.

ಎಲ್ಲ ಪದಗಳೂ ಹೀಗೆ ಜೊತೆ ಸಿಗುವುದಿಲ್ಲ. ಇಚ್ ಎಂದರೆ ನವೆ, ತುರಿಕೆ. ಕೆರೆದುಕೊಳ್ಳಬೇಕೆನಿಸುವುದೇ ಅದರ ಗುರುತು. ಒರಟು ಕಂಬಳಿ ಚುಚ್ಚುವುದು ಪ್ರಿಕಲ್. ಬೆವರುಸಾಲೆಗೆ ಪ್ರಿಕ್ಲಿ ಹೀಟ್ ಎನ್ನುವುದು ಇದರಿಂದಲೇ. ಕಣಜ ಕುಟುಕಿದರೆ ಸ್ಟಿಂಗ್. ಜುಮುಜುಮು ಎಂದರೆ ಟಿಂಗಲ್, ಸ್ಪರ್ಶವೇ ತಿಳಿಯದಿದ್ದರೆ ನಂಬ್. ನಾವೋ, ಈ ಎರಡಕ್ಕೂ ಜೋಮು ಎಂದುಬಿಡುತ್ತೇವೆ.

ಕೆನಡಾದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್ಜ್ಯಾಕ್ 1975ರಲ್ಲಿ ಪ್ರಕಟಿಸಿದ ನೋವಿನ ಪ್ರಶ್ನಾವಳಿಯಲ್ಲಿ ಟಿಂಗ್ಲಿಂಗ್, ಇಚಿ, ಸ್ಮಾರ್ಟಿಂಗ್, ಸ್ಟಿಂಗಿಂಗ್ ಒಂದೇ ಗುಂಪಿನಲ್ಲಿವೆ, ತೀವ್ರತೆಯ ಏರಿಕೆಯಲ್ಲಿ. ನಂಬ್ ಇರುವುದು ಬೇರೆ ಗುಂಪಿನಲ್ಲಿ. ಅದನ್ನು ನಾನು ಮೊದಲೇ ಓದಿದ್ದರೆ!

ಕೆಲಸಕ್ಕೆ ಸೇರಿದ ಮೊದಲ ವರ್ಷ. ಡಾಕ್ಟರಿಗೆ ಕನ್ನಡ ಬಾರದು, ನಾನೇ ದುಭಾಷಿ. ಒಬ್ಬ ರೈತರು ಬಂದು, "ಪಾದ ಜುಮುಜುಮು ಅಂತದೆ ಕಣವ್ವ, ಕಾಲಿಂದ ಚಪ್ಲಿ ಜಾರಿಹೋದ್ರೂ ಗೊತ್ತಾಗಕಿಲ್ಲ" ಎಂದರು. ಹೊರಗೆ ಉದ್ದ ಸಾಲು ನಿಂತಿತ್ತು. ನಾನು "ಇಚಿಂಗ್" ಎಂದೆ. ಚಪ್ಪಲಿಯ ಮಾತನ್ನು ಹೇಳಲೇ ಇಲ್ಲ. ಮುಲಾಮು ಬರೆದುಕೊಟ್ಟರು.

ಒಂದೂವರೆ ತಿಂಗಳಿಗೆ ಅವರು ಕುಂಟುತ್ತಾ ಬಂದರು. ಹೆಬ್ಬೆರಳಿಗೆ ಮುಳ್ಳು ಹೊಕ್ಕಿದ್ದು ತಿಳಿದಿರಲಿಲ್ಲ, ಬೆರಳು ಕಪ್ಪಾಗಿತ್ತು. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಸಿಕ್ಕಿತು. ಅದು ಪಾದದ ನರಗಳನ್ನು ಮೊದಲೇ ತಿಂದಿತ್ತು. ಬೆರಳು ತೆಗೆಯಬೇಕಾಯಿತು. ಡ್ರೆಸ್ಸಿಂಗ್ ಮಾಡುವಾಗ ಅವರು, "ನಿನ್ನ ಕೈ ಹಗೂರ ಕಣವ್ವ" ಎಂದರು. ಅವರ ಮಾತನ್ನು ಕೆಡಿಸಿ ಹೇಳಿದವಳು ನಾನೆಂದು ಅವರಿಗೆ ಹೇಳಲಾಗಲಿಲ್ಲ. ಇಂದು ಮೊದಲ ಸಲ ಹೇಳುತ್ತಿದ್ದೇನೆ.

ಅಂದಿನಿಂದ ರೋಗಿಯ ಮಾತಿಗೆ ಇಂಗ್ಲಿಷ್ ಪದ ಹುಡುಕುವ ಮೊದಲು ಕೇಳುತ್ತೇನೆ: ಕೆರೆದುಕೊಳ್ಳಬೇಕು ಅನ್ನಿಸುತ್ತದೆಯೇ? ಹತ್ತಿ ಮುಟ್ಟಿಸಿದರೆ ತಿಳಿಯುತ್ತದೆಯೇ? ಬರಿಗಾಲಲ್ಲಿ ನಿಂತರೆ ನೆಲ ತಣ್ಣಗಿದೆಯೋ ಬಿಸಿಯೋ ಗೊತ್ತಾಗುತ್ತದೆಯೇ?

ಸಭೆ ಮುಗಿದ ಮೇಲೆ ಹತ್ತನೇ ತರಗತಿಯ ಕೋಣೆಯಲ್ಲಿ ಇರುತ್ತೇನೆ. ಪಾದ ಜುಮ್ಮೆನ್ನುವವರು ಚಪ್ಪಲಿ ಹೊರಗೆ ಬಿಟ್ಟು ಬನ್ನಿ. ಹತ್ತಿಯನ್ನೂ ಗ್ಲೂಕೋಮೀಟರನ್ನೂ ತಂದಿದ್ದೇನೆ.