ಗೆದ್ದ ಮಾರನೇ ದಿನ: ಮದ್ದೂರಿನ ಸಮಾಜವಾದಿ, ಮೇಲುಕೋಟೆಯ ಹಸಿರು ಶಾಲು



ಇವತ್ತಿನ ಪ್ರಶ್ನೆ ಸರಳವಾಗಿದೆ. ದುಡ್ಡಿಲ್ಲದ, ದೊಡ್ಡ ಪಕ್ಷದ ಬಲ ಇಲ್ಲದ, ಎಡಕ್ಕೆ ವಾಲಿದ ಸಣ್ಣ ಪಕ್ಷವೊಂದರ ನಾಯಕ ಯಾರೂ ನಿರೀಕ್ಷೆ ಮಾಡದ ಹಾಗೆ ಚುನಾವಣೆ ಗೆದ್ದುಬಿಡ್ತಾನೆ ಅಂದ್ಕೊಳ್ಳಿ. ಮಾರನೇ ದಿನ ಅವನ ಸ್ಥಾನಮಾನ ಏನಾಗುತ್ತೆ? ಅವನ ಹೆಸರು ದೊಡ್ಡದಾಗುತ್ತೆ, ಅದು ಗ್ಯಾರಂಟಿ. ಆದ್ರೆ ಅವನ ಪಕ್ಷ? ಅವನನ್ನ ಗೆಲ್ಲಿಸಿದ ಜನರ ಮಾತಿಗೆ ಇರೋ ಬೆಲೆ?

ಇದಕ್ಕೆ ಉತ್ತರ ಹುಡುಕೋಕೆ ಮಂಡ್ಯ ಜಿಲ್ಲೆಗಿಂತ ಒಳ್ಳೇ ಜಾಗ ಇಲ್ಲ. ಇಲ್ಲಿ ಇಂಥ ಗೆಲುವು ಒಂದಲ್ಲ, ಹಲವು ಸಲ ಆಗಿದೆ. ಎರಡು ಕಥೆ ಹೇಳ್ತೀನಿ. ಒಂದು ಮದ್ದೂರಿಂದು, ಇನ್ನೊಂದು ಪಾಂಡವಪುರದ್ದು.

ಮೊದಲನೇದು 1962. ಮದ್ದೂರು ವಿಧಾನಸಭಾ ಕ್ಷೇತ್ರ. ಕಾಂಗ್ರೆಸ್ ಅಭ್ಯರ್ಥಿ ಕೆ.ವಿ. ಶಂಕರಗೌಡರು. ಮಂಡ್ಯದಲ್ಲಿ ಓದಿದೋರಿಗೆ ಈ ಹೆಸರು ಹೊಸದಲ್ಲ. ಪಿಇಎಸ್ ಎಂಜಿನಿಯರಿಂಗ್ ಕಾಲೇಜು ಕಟ್ಟಿದೋರು ಅವರೇ. ಅವರ ಪರ ಪ್ರಚಾರ ಮಾಡಿದ್ದು ಪ್ರಧಾನಿ ಜವಾಹರಲಾಲ್ ನೆಹರೂ. ಎದುರಿಗೆ ನಿಂತಿದ್ದು ಸೋಮನಹಳ್ಳಿಯ ಹುಡುಗ, ಇನ್ನೂ ಮೂವತ್ತು ತುಂಬಿರಲಿಲ್ಲ. ಅಮೆರಿಕದಲ್ಲಿ ಕಾನೂನು ಓದಿ ಬಂದಿದ್ದ, ಪಕ್ಷೇತರ. ಹೆಸರು ಎಸ್.ಎಂ. ಕೃಷ್ಣ.

ಹುಡುಗ ಗೆದ್ದ.

ನಿಮ್ಮಲ್ಲಿ ಹೆಚ್ಚಿನೋರಿಗೆ ಎಸ್.ಎಂ. ಕೃಷ್ಣ ಅಂದ್ರೆ ಬೆಂಗಳೂರನ್ನ ಸಿಂಗಪುರ ಮಾಡ್ತೀನಿ ಅಂದ ಮುಖ್ಯಮಂತ್ರಿ, ಐಟಿ ಕಂಪನಿಗಳ ಸ್ನೇಹಿತ, ವಿದೇಶಾಂಗ ಸಚಿವ, ಕೊನೆಗೆ 2017ರಲ್ಲಿ ಬಿಜೆಪಿ ಸೇರಿದೋರು. ಆದ್ರೆ ಅವರ ರಾಜಕೀಯದ ಮೊದಲ ದಶಕ ಸಮಾಜವಾದಿಗಳ ಜೊತೆ ಕಳೆದದ್ದು. 1962ರಲ್ಲಿ ಗೆದ್ದ ಮೇಲೆ ಅವರು ಸೇರಿದ್ದು ಪ್ರಜಾ ಸೋಷಲಿಸ್ಟ್ ಪಕ್ಷ, ಅಂದ್ರೆ ಪಿಎಸ್‌ಪಿ.

ಪಿಎಸ್‌ಪಿ ಯಾವುದು ಅಂತ ಎರಡು ಮಾತು. ಸ್ವಾತಂತ್ರ್ಯ ಬಂದ ಮೇಲೆ ಕಾಂಗ್ರೆಸ್ಸಿಂದ ಹೊರಬಂದ ಸಮಾಜವಾದಿಗಳು, ಆಚಾರ್ಯ ಕೃಪಲಾನಿಯವರ ಕಿಸಾನ್ ಮಜ್ದೂರ್ ಪ್ರಜಾ ಪಕ್ಷ, ಇವೆರಡೂ ಸೇರಿ 1952ರಲ್ಲಿ ಆದ ಪಕ್ಷ ಅದು. ಕಮ್ಯುನಿಸ್ಟರಲ್ಲ. ಉಳುವವನಿಗೆ ಭೂಮಿ ಸಿಗಬೇಕು, ಆದ್ರೆ ಅದು ಮತಪೆಟ್ಟಿಗೆ ಮೂಲಕವೇ ಆಗಬೇಕು ಅನ್ನೋರು. ಆ ಕಾಲಕ್ಕೆ ನಮ್ಮಲ್ಲಿ ಸಮಾಜವಾದ ಅಂದ್ರೆ 1951ರ ಕಾಗೋಡು ಸತ್ಯಾಗ್ರಹ, ಶಾಂತವೇರಿ ಗೋಪಾಲಗೌಡರು, ಮಲೆನಾಡಿನ ಗೇಣಿದಾರರು. ಮಂಡ್ಯದ ಕಬ್ಬಿನ ಬಯಲಿನಲ್ಲೂ ಆ ಬಾವುಟಕ್ಕೆ ಜಾಗ ಇದೆ ಅಂತ ತೋರಿಸಿದ್ದು ಕೃಷ್ಣ.

ಈಗ 1967ಕ್ಕೆ ಬನ್ನಿ. ಆಗಿನ ಮೈಸೂರು ರಾಜ್ಯದ ವಿಧಾನಸಭೇಲಿ 216 ಸ್ಥಾನ. ಪಿಎಸ್‌ಪಿಗೆ ಬಂದಿದ್ದು 20. ಸಣ್ಣ ಪಕ್ಷಕ್ಕೆ ಅದು ಕಡಿಮೆ ಅಲ್ಲ. ಆದ್ರೆ ಆ ಇಪ್ಪತ್ತರಲ್ಲಿ ಕೃಷ್ಣ ಇರಲಿಲ್ಲ. ಮದ್ದೂರಲ್ಲಿ ಅವರು ಕಾಂಗ್ರೆಸ್ಸಿನ ಮಂಚೇಗೌಡರ ಎದುರು ಸೋತರು. ಐದು ವರ್ಷದ ಹಿಂದೆ ನೆಹರೂ ಬಂದು ಹೋದ ಮೇಲೂ ಗೆಲ್ಲಿಸಿದ ಜನ, ಈ ಸಲ ಸೋಲಿಸಿ ಕೂರಿಸಿದರು. ಅಚ್ಚರಿಯ ಗೆಲುವು ಅನ್ನೋದು ಶಾಶ್ವತ ಠೇವಣಿ ಅಲ್ಲ ಅನ್ನೋ ಮೊದಲ ಪಾಠ ಅವರಿಗೆ ಸಿಕ್ಕಿದ್ದು ಅಲ್ಲೇ.

ಆಮೇಲೆ ಒಂದೇ ವರ್ಷಕ್ಕೆ ಇನ್ನೊಂದು ತಿರುವು. 1952ರಿಂದ ಮಂಡ್ಯದ ಲೋಕಸಭಾ ಸದಸ್ಯರಾಗಿದ್ದ ಕಾಂಗ್ರೆಸ್ಸಿನ ಎಂ.ಕೆ. ಶಿವನಂಜಪ್ಪನವರು ತೀರಿಕೊಂಡರು. 1968ರಲ್ಲಿ ಉಪಚುನಾವಣೆ ಬಂತು. ಅಸೆಂಬ್ಲಿ ಸೋತ ಮನುಷ್ಯ ಪಾರ್ಲಿಮೆಂಟಿಗೆ ನಿಂತರು, ಪಿಎಸ್‌ಪಿ ಟಿಕೆಟಲ್ಲೇ. ಗೆದ್ದರು. ಮಂಡ್ಯದಿಂದ ಸಮಾಜವಾದಿ ಪಕ್ಷದ ಎಂಪಿ ದೆಹಲಿಗೆ ಹೋದರು.

ಆ ಗೆಲುವಿನಿಂದ ಯಾರ ಬೆಲೆ ಏರಿತು ಅನ್ನೋದನ್ನ ಈಗ ನೋಡೋಣ.

ಕೃಷ್ಣ ಅವರದ್ದಂತೂ ಏರಿತು. ಪಿಎಸ್‌ಪಿಯದ್ದು ಏರಲಿಲ್ಲ. 1969ರಲ್ಲಿ ಕಾಂಗ್ರೆಸ್ ಒಡೀತು. ಅದೇ ವರ್ಷ ಇಂದಿರಾ ಗಾಂಧಿ 14 ಬ್ಯಾಂಕುಗಳನ್ನ ರಾಷ್ಟ್ರೀಕರಣ ಮಾಡಿದರು. ಸಮಾಜವಾದಿಗಳು ವರ್ಷಗಟ್ಟಲೆ ಭಾಷಣದಲ್ಲಿ ಕೇಳಿದ್ದನ್ನ ಇಂದಿರಾ ಒಂದು ಸುಗ್ರೀವಾಜ್ಞೇಲಿ ಮಾಡಿ ತೋರಿಸಿದರು. ಸಣ್ಣ ಪಕ್ಷದಲ್ಲಿದ್ದ ಬುದ್ಧಿವಂತ ಯುವ ಎಂಪಿಗೆ ಆಗ ಏನನ್ನಿಸಿರಬೇಕು, ನೀವೇ ಯೋಚನೆ ಮಾಡಿ. 1971ರಲ್ಲಿ ಕೃಷ್ಣ ಮಂಡ್ಯದಿಂದ ಮತ್ತೆ ಗೆದ್ದರು, ಈ ಸಲ ಕಾಂಗ್ರೆಸ್ ಅಭ್ಯರ್ಥಿಯಾಗಿ. ಆ ಚುನಾವಣೇಲಿ ರಾಜ್ಯದ 27ಕ್ಕೆ 27 ಸೀಟೂ ಇಂದಿರಾ ಕಾಂಗ್ರೆಸ್ಸಿಗೇ ಹೋಯ್ತು. 1972ರಲ್ಲಿ ಕೃಷ್ಣ ರಾಜ್ಯಕ್ಕೆ ಮರಳಿ ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿ ಆದರು. ಪಿಎಸ್‌ಪಿ ಅನ್ನೋ ಹೆಸರು ಅಷ್ಟೊತ್ತಿಗೆ ಇನ್ನೊಂದು ಸಮಾಜವಾದಿ ಗುಂಪಿನ ಜೊತೆ ಸೇರಿ ಕರಗಿ ಹೋಗಿತ್ತು.

ಇದನ್ನ ದ್ರೋಹ ಅಂತ ಕರೆಯೋದು ಸುಲಭ. ನಾನು ಹಾಗೆ ಹೇಳಲ್ಲ. ಅರಸರ ಸರ್ಕಾರ 1974ರಲ್ಲಿ ಜಾರಿಗೆ ತಂದ ಭೂಸುಧಾರಣೆ ಸಮಾಜವಾದಿಗಳದ್ದೇ ಕನಸು. ಅದನ್ನ ಮಾಡೋ ಕೈ ಸಮಾಜವಾದಿಗಳ ಹತ್ರ ಇರಲಿಲ್ಲ, ಕಾಂಗ್ರೆಸ್ಸಿನ ಹತ್ರ ಇತ್ತು. ಆದ್ರೆ ಒಂದು ಲೆಕ್ಕ ಮಾತ್ರ ಬಾಕಿ ಉಳಿಯುತ್ತೆ. ಮದ್ದೂರಿನ ಆ ಗೆಲುವು ನಿಂತಿದ್ದು ಒಬ್ಬ ವ್ಯಕ್ತಿಯ ಮೇಲೆ. ವ್ಯಕ್ತಿ ಎದ್ದು ಹೋದಾಗ ಗೆಲುವೂ ಅವರ ಜೊತೆ ಎದ್ದು ಹೋಯ್ತು. 1999ರಲ್ಲಿ ಮದ್ದೂರಿಂದ ಗೆದ್ದು ಮುಖ್ಯಮಂತ್ರಿಯಾದ ಕೃಷ್ಣ, 2004ರಲ್ಲಿ ನಿಂತಿದ್ದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡಾಗ ಸೋಮನಹಳ್ಳಿಗೆ ಎಲ್ಲಾ ಪಕ್ಷದೋರೂ ಬಂದರು. ಅವರನ್ನ ಮೊದಲು ದೆಹಲಿಗೆ ಕಳಿಸಿದ ಪಕ್ಷದ ಬಾವುಟ ಹಿಡಿದು ಬರೋಕೆ ಮಾತ್ರ ಆ ಪಕ್ಷವೇ ಉಳಿದಿರಲಿಲ್ಲ.

ಇನ್ನು ಎರಡನೇ ಕಥೆ. ಮದ್ದೂರಿಂದ ಮಂಡ್ಯ ದಾಟಿ ಪಾಂಡವಪುರಕ್ಕೆ ಹೋಗೋಣ.

ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿದ್ದು 1980ರಲ್ಲಿ. ಹಸಿರು ಶಾಲು ಕಂಡ್ರೆ ಸಾಲ ವಸೂಲಿಗೆ ಬಂದೋರು ಹೆದರೋ ಕಾಲ ಒಂದಿತ್ತು. ಜಪ್ತಿ ಮಾಡಿದ ಸಾಮಾನನ್ನ ರೈತರು ಗುಂಪಾಗಿ ಹೋಗಿ ವಾಪಸ್ ತರ್ತಿದ್ರು. ಅನುಮತಿ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದು ಅಂತ ಬೋರ್ಡು ಹಾಕ್ತಿದ್ರು. ಇವರನ್ನ ಎಡಪಂಥೀಯರು ಅಂದ್ರೆ ಅವರಲ್ಲೇ ಕೆಲವರು ಒಪ್ಪಲಿಕ್ಕಿಲ್ಲ, ನಾವು ರೈತರು ಅಷ್ಟೇ ಅಂತಾರೆ. ಆದ್ರೆ 2005ರಲ್ಲಿ ದೇವನೂರ ಮಹಾದೇವ ಅವರಂಥವರ ಮುಂದಾಳತ್ವದಲ್ಲಿ ರೈತ ಚಳವಳಿ, ದಲಿತ ಚಳವಳಿ ಒಟ್ಟಾಗಿ ಸರ್ವೋದಯ ಕರ್ನಾಟಕ ಪಕ್ಷ ಕಟ್ಟಿದ ಮೇಲೆ, ಅವರು ಯಾವ ಕಡೆ ನಿಂತಿದ್ದಾರೆ ಅನ್ನೋದರಲ್ಲಿ ಗೊಂದಲ ಇಲ್ಲ.

ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯ 1994ರಲ್ಲಿ ರೈತ ಸಂಘದಿಂದ ಪಾಂಡವಪುರದಲ್ಲಿ ಗೆದ್ದರು. ಎರಡನೇ ಸಲ ಗೆದ್ದಿದ್ದು ಯಾವಾಗ ಗೊತ್ತಾ? 2013ರಲ್ಲಿ. ಅಷ್ಟೊತ್ತಿಗೆ ಕ್ಷೇತ್ರದ ಹೆಸರೇ ಬದಲಾಗಿ ಮೇಲುಕೋಟೆ ಆಗಿತ್ತು. ಮಧ್ಯೆ 19 ವರ್ಷ.

ಆ 19 ವರ್ಷಾನೇ ಈ ಕಥೆಯ ಜೀವ. ಕಬ್ಬಿನ ಬೆಲೆ, ಕಾರ್ಖಾನೆ ಬಾಕಿ, ನಾಲೆ ನೀರು, ಕಾವೇರಿ, ಯಾವ ಹೋರಾಟ ಇದ್ರೂ ಅವರು ಅಲ್ಲಿರ್ತಿದ್ರು. ಗೆದ್ದೆತ್ತಿನ ಬಾಲ ಹಿಡಿಯೋರು ಎಲ್ಲಾ ಕಡೆ ಇರ್ತಾರೆ. ಸೋತ ಎತ್ತಿನ ಜೊತೆ ಎರಡು ದಶಕ ನಡೆಯೋ ಜನ ಇದ್ದರೆ ಮಾತ್ರ ಅದನ್ನ ಸಂಘಟನೆ ಅನ್ನಬಹುದು.

2018ರ ಫೆಬ್ರವರಿ 18ರಂದು ಮಂಡ್ಯದ ಸ್ಟೇಡಿಯಂನಲ್ಲಿ ಕಬಡ್ಡಿ ಪಂದ್ಯ ನೋಡ್ತಿದ್ದಾಗ ಪುಟ್ಟಣ್ಣಯ್ಯ ಹೃದಯಾಘಾತದಿಂದ ತೀರಿಕೊಂಡರು. ಮೂರೇ ತಿಂಗಳಿಗೆ ಚುನಾವಣೆ. ಅಮೆರಿಕದಲ್ಲಿ ಸಾಫ್ಟ್‌ವೇರ್ ಉದ್ಯಮ ನಡೆಸ್ತಿದ್ದ ಮಗ ದರ್ಶನ್ ಬಂದು ಸ್ವರಾಜ್ ಇಂಡಿಯಾದಿಂದ ನಿಂತರು. ಅನುಕಂಪ ಇತ್ತು, ಕಾಂಗ್ರೆಸ್ ಅಭ್ಯರ್ಥಿ ಹಾಕದೆ ದಾರಿ ಬಿಟ್ಟಿತ್ತು. ಆದ್ರೂ ಜೆಡಿಎಸ್‌ನ ಸಿ.ಎಸ್. ಪುಟ್ಟರಾಜು ಎದುರು 22 ಸಾವಿರಕ್ಕೂ ಹೆಚ್ಚು ಮತದಿಂದ ಸೋತರು. ಆ ವರ್ಷ ಜಿಲ್ಲೆಯ ಏಳಕ್ಕೆ ಏಳೂ ಕ್ಷೇತ್ರ ಜೆಡಿಎಸ್ ಪಾಲಾಯ್ತು.

2023. ಅದೇ ಇಬ್ಬರು. ಕಾಂಗ್ರೆಸ್ ಮತ್ತೆ ದಾರಿ ಬಿಟ್ಟಿತ್ತು. ದರ್ಶನ್ 10 ಸಾವಿರಕ್ಕೂ ಹೆಚ್ಚು ಮತದಿಂದ ಗೆದ್ದರು. 224 ಜನರ ವಿಧಾನಸಭೇಲಿ ಸರ್ವೋದಯ ಕರ್ನಾಟಕ ಪಕ್ಷದ ಒಬ್ಬನೇ ಶಾಸಕ. ಕಾಂಗ್ರೆಸ್ ಬೆಂಬಲದಿಂದಲೇ ಗೆದ್ದರು ಅನ್ನೋದು ಅರ್ಧ ಸತ್ಯ, ಯಾಕಂದ್ರೆ ಅದೇ ಬೆಂಬಲ 2018ರಲ್ಲೂ ಇತ್ತು. ಗಾಳಿ ಬದಲಾಗಿತ್ತು ಅನ್ನೋದೂ ನಿಜ. ಆ ಸಲ ಜಿಲ್ಲೇಲಿ ಕಾಂಗ್ರೆಸ್ ಐದು ಸೀಟು ಗೆದ್ದಿತು, ಜೆಡಿಎಸ್‌ಗೆ ಉಳಿದಿದ್ದು ಕೆ.ಆರ್. ಪೇಟೆ ಒಂದೇ. ಆದ್ರೆ ಗಾಳಿ ಬಂದಾಗ ತೂರೋಕೆ ಕಣದಲ್ಲಿ ರಾಶಿ ಇರಬೇಕಲ್ಲ? ಆ ರಾಶಿ ಹಾಕಿದ್ದು ಸೋತ ವರ್ಷಗಳು.

ಹಾಗಾದ್ರೆ ಹಸಿರು ಶಾಲು ಗೆದ್ದುಬಿಟ್ಟಿತಾ? ಇಲ್ಲ. ಇಲ್ಲೇ ಸ್ವಲ್ಪ ಕಹಿ ಮಾತು.

ವಿಶ್ವೇಶ್ವರಯ್ಯ ನಾಲೆ ನೆನಪಿಸಿಕೊಳ್ಳಿ. ಕೆಆರ್‌ಎಸ್‌ನಿಂದ ಹೊರಟು ಪಾಂಡವಪುರ, ಮಂಡ್ಯ ಕಡೆಯಿಂದ ಮದ್ದೂರು, ಮಳವಳ್ಳಿಗೆ ಹೋಗುತ್ತೆ. ನೀರು ಕಮ್ಮಿ ಆದ ವರ್ಷ ಮೊದಲು ಒಣಗೋದು ಕೊನೆ ಭಾಗದ ಗದ್ದೆ, ಅಂದ್ರೆ ಮದ್ದೂರು, ಮಳವಳ್ಳಿ ಕಡೇದು. ಕಷ್ಟವೇ ಎಡಪಕ್ಷಗಳಿಗೆ ಓಟು ತರೋದಾಗಿದ್ರೆ ಹಸಿರು ಶಾಲು ಮೊದಲು ಗೆಲ್ಲಬೇಕಾಗಿದ್ದು ಅಲ್ಲಿ. 2023ರಲ್ಲಿ ಮದ್ದೂರಲ್ಲಿ ಗೆದ್ದಿದ್ದು ಕಾಂಗ್ರೆಸ್ಸಿನ ಕೆ.ಎಂ. ಉದಯ್, ಮೀಸಲು ಕ್ಷೇತ್ರ ಮಳವಳ್ಳಿಯಲ್ಲಿ ಗೆದ್ದಿದ್ದು ಕಾಂಗ್ರೆಸ್ಸಿನದ್ದೇ ಪಿ.ಎಂ. ನರೇಂದ್ರಸ್ವಾಮಿ. ನೀರಿನ ಹಾಗೇ ಈ ರಾಜಕೀಯದ ಗೆಲುವೂ ನಾಲೆ ಕೊನೆಗೆ ತಲುಪಿಲ್ಲ. ಮೇಲುಕೋಟೆಯ ಬಲ ಅಪ್ಪ-ಮಗನ ಹೆಸರಿನ ಸುತ್ತಲೇ ಇದೆ ಅನ್ನೋ ಟೀಕೆಗೂ ಇದರಲ್ಲೇ ಆಧಾರ ಇದೆ. ಮರುವರ್ಷ, 2024ರ ಲೋಕಸಭಾ ಚುನಾವಣೇಲಿ ಎಚ್.ಡಿ. ಕುಮಾರಸ್ವಾಮಿ ಮಂಡ್ಯದಲ್ಲಿ 2 ಲಕ್ಷ 80 ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ದರು. ಈ ಜಿಲ್ಲೇಲಿ ಗಾಳಿ ತಿರುಗೋಕೆ ಒಂದು ವರ್ಷ ಸಾಕು.

ಒಂಟಿ ಶಾಸಕನಿಗೆ ಇರೋ ಇಕ್ಕಟ್ಟನ್ನೂ ಹೇಳಬೇಕು. ಕ್ಷೇತ್ರಕ್ಕೆ ಅನುದಾನ ಬೇಕಂದ್ರೆ ಸರ್ಕಾರದ ಜೊತೆ ಚೆನ್ನಾಗಿರಬೇಕು. ರೈತರ ಪರ ಮಾತಾಡಬೇಕಂದ್ರೆ ಅದೇ ಸರ್ಕಾರವನ್ನ ಎದುರು ಹಾಕ್ಕೊಳ್ಳಬೇಕು. ಕೃಷ್ಣ ಈ ಇಕ್ಕಟ್ಟನ್ನ ದೊಡ್ಡ ಪಕ್ಷದ ಒಳಗೆ ಹೋಗಿ ಬಗೆಹರಿಸಿಕೊಂಡರು. ಪುಟ್ಟಣ್ಣಯ್ಯ ಹೊರಗೇ ಉಳಿದು, ಅದರ ಬೆಲೆಯನ್ನ 19 ವರ್ಷ ತೆತ್ತರು. ಇಬ್ಬರ ದಾರಿಯೂ ಪುಕ್ಕಟೆ ಅಲ್ಲ.

ಹಾಗಾಗಿ ಮುಂದಿನ ಸಲ ಎಲ್ಲಾದ್ರೂ ಎಡಪಕ್ಷದ ನಾಯಕನೊಬ್ಬ ಅನಿರೀಕ್ಷಿತವಾಗಿ ಗೆದ್ದು, ನಿಮ್ಮ ಫೋನ್ ತುಂಬಾ ಅವನ ರೀಲ್ಸ್ ಓಡ್ತಾ ಇದ್ದಾಗ, ಮೂರು ಪ್ರಶ್ನೆ ಕೇಳಿ. ಇವನು ನಾಳೆ ಪಕ್ಷ ಬಿಟ್ಟರೆ ಇವನ ಹಿಂದೆ ನಿಂತ ಜನ ಯಾರ ಹತ್ರ ಹೋಗ್ತಾರೆ? ಪಕ್ಕದ ತಾಲೂಕಲ್ಲಿ ಇವನ ಪಕ್ಷದ ಕೆಲಸ ಮಾಡೋರು ಯಾರಾದ್ರೂ ಇದ್ದಾರಾ? ಮುಂದಿನ ಸಲ ಸೋತರೆ, ಸೋತ ಮಾರನೇ ದಿನ ಕಾರ್ಖಾನೆ ಗೇಟಿನ ಮುಂದೆ ಕೂರೋಕೆ ಇವನು ಬರ್ತಾನಾ?

ಮೂರಕ್ಕೂ ಉತ್ತರ ಸಿಕ್ಕಿದ್ರೆ, ಆ ಗೆಲುವು ಒಬ್ಬನದ್ದಲ್ಲ. ಸಿಗದಿದ್ರೆ, ಮದ್ದೂರಿನ ಜನ 1962ರಲ್ಲಿ ಮಾಡಿದ ಹಾಗೆ ನೀವೂ ಒಬ್ಬ ಪ್ರತಿಭಾವಂತನನ್ನ ದೊಡ್ಡ ಊರಿಗೆ ಕಳಿಸಿಕೊಟ್ಟಿದ್ದೀರಿ. ಅದೂ ಸಣ್ಣ ಕೆಲಸ ಅಲ್ಲ. ಆದ್ರೆ ಪಕ್ಷ ಕಟ್ಟೋ ಕೆಲಸ ಇನ್ನೂ ಬಾಕಿ ಇದೆ.

ಇವತ್ತಿಗೆ ಇಷ್ಟು. ನಿಮ್ಮೂರಲ್ಲೂ ಇಂಥ ಗೆಲುವಿನ ಕಥೆ ಇದ್ರೆ ಮನೆಯ ಹಿರಿಯರನ್ನ ಕೇಳಿ ನೋಡಿ.