ನೆರೆಯವನಾಗುವದು
(ವಾಚನಾಲಯದ ಕೂಟದಲ್ಲಿ ಮಾಡಿದ ಭಾಷಣ)



ಕ್ರೈಸ್ತ ಪ್ರೇಮದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಅಪ್ಪಣೆಯಾಗಿದೆ. ನಾವು ಪಂಡಿತರಲ್ಲ, ಗಿರಣಿಯ ಕಾರಕೂನರು. ನಮ್ಮ ಅಳವಿಗೆ ನಿಲುಕಿದ್ದನ್ನು ಅರಿಕೆ ಮಾಡುವೆವು.

ಪ್ರೇಮವೆಂದರೆ ದೊಡ್ಡ ದಾನವೆಂದು ತಿಳಿದು, ತಿಂಗಳ ಸಂಬಳದವರಿಗೆ ಅದು ಎಟುಕದೆಂದು ನಾವು ಸುಮ್ಮನಾಗುತ್ತೇವೆ. ಯೇಸುಸ್ವಾಮಿ ಹೇಳಿದ ಕಥೆಯನ್ನು ನೋಡಿರಿ. ಅದು ಲೂಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿದೆ. ನನ್ನ ನೆರೆಯವನು ಯಾರೆಂದು ಧರ್ಮಶಾಸ್ತ್ರಿಯೊಬ್ಬನು ಕೇಳಿದ್ದಕ್ಕೆ ಅದು ಉತ್ತರ.

ಯೆರೂಸಲೇಮಿನಿಂದ ಯೆರಿಕೋ ಊರಿಗೆ ಇಳಿದು ಹೋಗುತ್ತಿದ್ದವನನ್ನು ಕಳ್ಳರು ಬಡಿದು, ಅರೆಜೀವ ಮಾಡಿ ಬಿಟ್ಟುಹೋದರು. ಒಬ್ಬ ಯಾಜಕನು ಬಂದನು, ನೋಡಿದನು, ಓರೆಯಾಗಿ ದಾಟಿದನು. ಗುಡಿಯ ಸೇವಕನಾದ ಲೇವಿಯನೂ ಹಾಗೆಯೇ ಮಾಡಿದನು. ಮೂರನೆಯವನು ಸಮಾರ್ಯದವನು, ಯೆಹೂದ್ಯರಿಗೂ ಅವರಿಗೂ ಬಳಕೆಯೇ ಇರಲಿಲ್ಲ. ಇವನೂ ನೋಡಿದನು, ಆದರೆ ಹತ್ತಿರ ಹೋದನು. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿ, ತನ್ನ ವಾಹನದ ಮೇಲೆ ಕೂಡ್ರಿಸಿ, ಛತ್ರಕ್ಕೆ ಒಯ್ದು ಆರೈಕೆ ಮಾಡಿದನು. ಮರುದಿನ ಛತ್ರದವನಿಗೆ ಎರಡು ದಿನಾರಿ ಕೊಟ್ಟು, ಹೆಚ್ಚಾದದ್ದನ್ನು ತಿರುಗಿ ಬಂದಾಗ ಕೊಡುವೆನೆಂದನು.

ಒಂದು ದಿನಾರಿಯೆಂದರೆ ಕೂಲಿಯವನ ಒಂದು ದಿನದ ಸಂಬಳ. ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ ದ್ರಾಕ್ಷಿ ತೋಟದ ಆಳುಗಳಿಗೆ ಗೊತ್ತಾದ ಕೂಲಿ ಅದೇ. ಅಂದಮೇಲೆ ಇವನು ಕೊಟ್ಟದ್ದು ಎರಡು ದಿನದ ಪಗಾರ. ನೋಡಿದವರು ಮೂವರು, ನಿಂತವನು ಒಬ್ಬ. ಭೇದವಿರುವದು ಇಲ್ಲಿಯೇ.

ಅದೇ ಯೆರಿಕೋವಿನ ಹೊರಗೆ ಕುರುಡ ಬಾರ್ತಿಮಾಯನು ಭಿಕ್ಷೆಗೆ ಕುಳಿತಿದ್ದ ಸಂಗತಿ ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿದೆ. ಅವನು ಕೂಗಿದಾಗ ಜನರು ಗದರಿಸಿದರು. ಯೇಸು ನಿಂತು, ಅವನನ್ನು ಕರೆಸಿ, ನಿನಗೇನು ಬೇಕೆಂದು ಕೇಳಿದನು. ಕುರುಡನಿಗೆ ಬೇಕಾದದ್ದು ಯಾರಿಗೆ ತಿಳಿಯದು? ಆದರೂ ಕೇಳಿದನು. ಅವನ ಬಾಯಿಂದಲೇ ಕೇಳುವದು ಅವನಿಗೆ ಕೊಟ್ಟ ಮರ್ಯಾದೆ.

ನಾವು ಹಾಜರಿ ಪಟ್ಟಿಯಲ್ಲಿ ಗೈರುಹಾಜರಿಯ ಗುರುತು ಹಾಕುತ್ತೇವೆ. ಅದು ನೌಕರಿ. ಮೂರು ದಿನ ಯಾಕೆ ಬರಲಿಲ್ಲವೆಂದು ಪಾಳಿ ಮುಗಿದ ಮೇಲೆ ಅವನ ಖೋಲಿಗೆ ಹೋಗಿ ಕೇಳುವದು ನೆರೆತನ. ಇದೇ ವಾಚನಾಲಯದಲ್ಲಿ ಹೊಸ ಹುಡುಗನೊಬ್ಬನು ಅರ್ಧ ತಾಸು ಒಂದೇ ಪುಟ ಹಿಡಿದು ಕೂತಿದ್ದರೆ, ಓದು ಬಾರದೆಯೋ, ಊರ ನೆನಪಿನಿಂದಲೋ? ಪಕ್ಕದಲ್ಲಿ ಕೂತು ಯಾವೂರು ಎಂದರೆ ತಿಳಿದೀತು. ಅರ್ಜಿ ಬರೆಸಲು ಬಂದ ಹಿರಿಯರ ಮಾತು ಪೂರ್ತಿ ಮುಗಿಯುವವರೆಗೆ ಪೆನ್ನನ್ನೂ ಮೊಬೈಲನ್ನೂ ಕೆಳಗಿಡೋಣ.

ಒಂದು ಎಚ್ಚರಿಕೆ ಬೇಕು. ವಿಚಾರಿಸುವದು ಬೇರೆ, ಕೆದಕುವದು ಬೇರೆ. ಕೇಳಿದ ಕಷ್ಟವನ್ನು ಚಹದ ಅಂಗಡಿಯಲ್ಲಿ ಹರಡಿದರೆ ನಾವೂ ಕಳ್ಳರ ಪಂಕ್ತಿಗೇ ಸೇರಿದೆವು.

ಕಥೆ ಹೇಳಿ ಮುಗಿಸಿ ಯೇಸು ಆ ಪ್ರಶ್ನೆಯನ್ನೇ ತಿರುಗಿಸಿದನು: ಬಿದ್ದವನಿಗೆ ನೆರೆಯವನಾದವನು ಯಾರು? ಯಾವ ಮತದವರಾದರೂ ಈ ಪ್ರಶ್ನೆ ನಮ್ಮೆಲ್ಲರಿಗೂ ಸಲ್ಲುತ್ತದೆ. ಊರು ಬಿಟ್ಟು ಬಂದ ನಮಗೆ ಹುಟ್ಟಿನಿಂದ ಬಂದ ನೆರೆಹೊರೆ ಇಲ್ಲಿಲ್ಲ, ನಾವೇ ಆಗಬೇಕು. ಈ ವಾರ ಒಬ್ಬೊಬ್ಬರು ಒಬ್ಬರನ್ನಾದರೂ ವಿಚಾರಿಸಿ, ಉತ್ತರ ಬರುವವರೆಗೆ ನಿಲ್ಲೋಣ. ಇಷ್ಟೇ ನಮ್ಮ ಬಿನ್ನಹ.